ಪ್ರಾಂತಗಳ ಸಂತೆಯಿಂದ ದೇಶದ ಮಾರುಕಟ್ಟೆಗೆ: ಅಂತರ್ಯುದ್ಧಕ್ಕೆ ಮುಂಚಿನ ಅಮೆರಿಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

1815ರಿಂದ 1860ರವರೆಗಿನ ಅಮೆರಿಕದ ಇತಿಹಾಸವನ್ನು ಪಠ್ಯಪುಸ್ತಕಗಳು ಕಾಲುವೆ, ರೈಲು, ಹತ್ತಿ, ಬ್ಯಾಂಕು ಎಂದು ಬಿಡಿ ಬಿಡಿ ಅಧ್ಯಾಯಗಳಾಗಿ ಹೇಳುತ್ತವೆ. ಪರೀಕ್ಷೆಗೆ ಅದು ಅನುಕೂಲ, ಆದರೆ ಒಂದು ಅಧ್ಯಾಯದ ಕಾರಣ ಇನ್ನೊಂದು ಅಧ್ಯಾಯದಲ್ಲಿ ಅಡಗಿರುವುದು ಕಾಣಿಸುವುದಿಲ್ಲ. ಇಲ್ಲಿನ ಉತ್ತರಗಳು ಆ ಕೊಂಡಿಗಳನ್ನು ಹುಡುಕುತ್ತವೆ.

"ರಾಷ್ಟ್ರೀಯ ಮಾರುಕಟ್ಟೆ" ಎಂದರೆ ಇಲ್ಲಿ ಏನರ್ಥ?

ಸರಕು ದೂರ ಪ್ರಯಾಣ ಮಾಡಿದ ಮಾತ್ರಕ್ಕೆ ರಾಷ್ಟ್ರೀಯ ಮಾರುಕಟ್ಟೆ ಆಗುವುದಿಲ್ಲ. ಹದಿನೆಂಟನೇ ಶತಮಾನದ ಅಮೆರಿಕದ ಹಳ್ಳಿಯಲ್ಲೂ ವೆಸ್ಟ್ ಇಂಡೀಸ್‌ನ ಕಾಕಂಬಿ, ಚೀನಾದ ಚಹಾ, ಇಂಗ್ಲೆಂಡಿನ ಬಟ್ಟೆ ಸಿಗುತ್ತಿದ್ದವು. ಓಹಿಯೊದ ರೈತ ಮುಂದಿನ ಹಂಗಾಮಿಗೆ ಗೋಧಿ ಬಿತ್ತುವುದೋ ಹಂದಿ ಸಾಕುವುದೋ ಎಂದು ಯೋಚಿಸುವಾಗ ನ್ಯೂಯಾರ್ಕಿನ ದರವನ್ನು ನೆನೆಯತೊಡಗಿದರೆ, ಅದರ ಫಲವಾಗಿ ವರ್ಮಾಂಟಿನ ರೈತ ಗೋಧಿಯನ್ನೇ ಕೈಬಿಟ್ಟರೆ, ಆಗ ಆ ಇಬ್ಬರೂ ಒಂದೇ ಮಾರುಕಟ್ಟೆಯಲ್ಲಿದ್ದಾರೆ. ಅರ್ಥಶಾಸ್ತ್ರದವರ ಪರೀಕ್ಷೆ ಇದಕ್ಕಿಂತ ಒಣ: ಎರಡು ಊರುಗಳ ನಡುವಿನ ಬೆಲೆಯ ಅಂತರ ಸಾಗಣೆಯ ಖರ್ಚಿನಷ್ಟಕ್ಕೆ ಇಳಿಯಬೇಕು, ಒಂದು ಕಡೆ ಬೆಲೆ ಏರಿದರೆ ಇನ್ನೊಂದು ಕಡೆಯೂ ಏರಬೇಕು. 1815ರ ಸುಮಾರಿಗೆ ಸಿನ್ಸಿನಾಟಿಯ ಹಿಟ್ಟಿಗೂ ನ್ಯೂಯಾರ್ಕಿನ ಹಿಟ್ಟಿಗೂ ಬೆಲೆಯಲ್ಲಿ ಅಜಗಜಾಂತರವಿತ್ತು. 1860ರ ಹೊತ್ತಿಗೆ ಆ ಅಂತರದ ಬಹುಪಾಲು ಕರಗಿತ್ತು.

ಅದಕ್ಕೆ ಮುಂಚೆ ಪರಿಸ್ಥಿತಿ ಹೇಗಿತ್ತು?

ಕಡಲ ತೀರದಲ್ಲಿ ಚೆನ್ನಾಗಿತ್ತು, ಒಳನಾಡಿನಲ್ಲಿ ದುರ್ಭರವಾಗಿತ್ತು. 1816ರಲ್ಲಿ ಸೆನೆಟ್ ಸಮಿತಿಯೊಂದು ಹಾಕಿದ ಲೆಕ್ಕ ಇಂದಿಗೂ ಬೆರಗು ಹುಟ್ಟಿಸುತ್ತದೆ. ಯುರೋಪಿನಿಂದ ಮೂರು ಸಾವಿರ ಮೈಲಿ ದೂರದ ಅಮೆರಿಕದ ಬಂದರಿಗೆ ಒಂದು ಟನ್ ಸರಕು ತರಲು ಸುಮಾರು 9 ಡಾಲರ್ ಸಾಕಿತ್ತು. ಅದೇ 9 ಡಾಲರಿಗೆ ಆ ಸರಕು ಬಂಡಿಯ ಮೇಲೆ ಒಳನಾಡಿನತ್ತ ಹೋಗುತ್ತಿದ್ದುದು ಬರೀ 30 ಮೈಲಿ.

ಅಪಲೇಚಿಯನ್ ಬೆಟ್ಟಸಾಲಿನ ಆಚೆ ನೆಲೆಸಿದವರ ಪಾಡು ಇದರಿಂದ ಅರ್ಥವಾಗುತ್ತದೆ. ಒಂದು ಹೇರು ಕುದುರೆ ಹೆಚ್ಚೆಂದರೆ ನಾಲ್ಕು ಬುಷೆಲ್ (ಧಾನ್ಯ ಅಳೆಯುವ ಮಾನ) ಧಾನ್ಯ ಹೊರಬಲ್ಲದು. ಆದರೆ ಇಪ್ಪತ್ತನಾಲ್ಕು ಬುಷೆಲ್ ಧಾನ್ಯದಿಂದ ಇಳಿಸಿದ ವಿಸ್ಕಿಯನ್ನು ಅದೇ ಕುದುರೆ ಹೊರುತ್ತದೆ. ಪಶ್ಚಿಮ ಪೆನ್ಸಿಲ್ವೇನಿಯಾದ ರೈತರು ಭಟ್ಟಿ ಇಳಿಸುತ್ತಿದ್ದುದು ಕುಡಿತದ ಚಟಕ್ಕಿಂತ ಹೆಚ್ಚಾಗಿ ಸಾಗಣೆಯ ಲೆಕ್ಕಾಚಾರದಿಂದ. ಆ ವಿಸ್ಕಿಗೆ ಕೇಂದ್ರ ಸರ್ಕಾರ ತೆರಿಗೆ ಹಾಕಿದಾಗ 1794ರಲ್ಲಿ ಅವರು ದಂಗೆ ಎದ್ದದ್ದರಲ್ಲಿ ಆಶ್ಚರ್ಯವಿಲ್ಲ. ದನ, ಹಂದಿಗಳನ್ನು ನಡೆಸಿಕೊಂಡೇ ಹೋಗುತ್ತಿದ್ದರು. ಉಳಿದ ದಾರಿ ಓಹಿಯೊ ಮತ್ತು ಮಿಸಿಸಿಪಿ ನದಿಗಳದು: ಚಪ್ಪಟೆ ತಳದ ದೋಣಿಯಲ್ಲಿ ಸರಕು ತುಂಬಿ ಹರಿವಿನ ಜೊತೆ ನ್ಯೂ ಆರ್ಲಿಯನ್ಸಿಗೆ ತೇಲಿಬಿಡುವುದು, ಅಲ್ಲಿ ಸರಕಿನ ಜೊತೆ ದೋಣಿಯನ್ನೂ ಬಿಚ್ಚಿ ಮರದ ಬೆಲೆಗೆ ಮಾರುವುದು, ನೂರಾರು ಮೈಲಿ ನಡೆದು ಊರಿಗೆ ಮರಳುವುದು. ಹರಿವಿಗೆ ಎದುರಾಗಿ ದೋಣಿ ಹತ್ತಿಸಲು ಮೂರು ನಾಲ್ಕು ತಿಂಗಳ ರಟ್ಟೆಬಲ ಬೇಕಿತ್ತು.

ಹೀಗಾಗಿ ಈಶಾನ್ಯದ ನ್ಯೂ ಇಂಗ್ಲೆಂಡ್, ನಡುವಿನ ರಾಜ್ಯಗಳು, ತಂಬಾಕಿನ ವರ್ಜೀನಿಯಾ, ಭತ್ತ–ಹತ್ತಿಯ ಕೆಳದಕ್ಷಿಣ, ಬೆಟ್ಟದಾಚೆಯ ಪಶ್ಚಿಮ ಪರಸ್ಪರ ನೆರೆಹೊರೆಯವರಾಗಿದ್ದರೂ ಅವುಗಳಲ್ಲಿ ಹಲವಕ್ಕೆ ಇಂಗ್ಲೆಂಡಿನ ಬಂದರು ಲಿವರ್‌ಪೂಲೇ ಹತ್ತಿರದ ಊರಾಗಿತ್ತು.

ಬದಲಾವಣೆ ಸಾರಿಗೆಯಿಂದ ಶುರುವಾಯಿತೇ, ಕಾನೂನಿನಿಂದಲೇ?

ಕಾನೂನು ಮೊದಲು ಬಂತು, ಬಹುಮಂದಿ ಅದನ್ನು ಮರೆಯುತ್ತಾರೆ. ಸಂವಿಧಾನಕ್ಕೆ ಮುಂಚಿನ ಸಡಿಲ ಒಕ್ಕೂಟದಲ್ಲಿ ನ್ಯೂಯಾರ್ಕ್ ತನ್ನ ನೆರೆಯ ನ್ಯೂಜೆರ್ಸಿ, ಕನೆಕ್ಟಿಕಟ್‌ಗಳ ಸರಕಿನ ಮೇಲೂ ಸುಂಕ ಕೀಳುತ್ತಿತ್ತು. 1787ರಲ್ಲಿ ಬರೆದ ಸಂವಿಧಾನ ರಾಜ್ಯಗಳಿಗೆ ಆಮದು ರಫ್ತಿನ ಸುಂಕ ಹಾಕುವುದನ್ನು, ನಾಣ್ಯ ಟಂಕಿಸುವುದನ್ನು, ಕರಾರುಗಳನ್ನು ಕೆಡಿಸುವುದನ್ನು ನಿಷೇಧಿಸಿತು. ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರದ ನಿಯಂತ್ರಣವನ್ನು ದೇಶದ ಸಂಸತ್ತಾದ ಕಾಂಗ್ರೆಸ್ಸಿನ ಕೈಗೆ ಕೊಟ್ಟಿತು. ಅಂದರೆ ರಸ್ತೆ ಇಲ್ಲದ ಕಾಲದಲ್ಲೇ ಗಡಿಯ ಸುಂಕದ ಕಟ್ಟೆ ಎದ್ದುಹೋಗಿತ್ತು. ಅದೇ ಕಾಲದ ಜರ್ಮನ್ ಸಂಸ್ಥಾನಗಳಿಗೆ ಈ ಭಾಗ್ಯ 1834ರವರೆಗೆ ಬರಲಿಲ್ಲ.

ಬರಹದ ಮಾತಿಗೆ ಹಲ್ಲು ಬಂದದ್ದು 1824ರಲ್ಲಿ. ನ್ಯೂಯಾರ್ಕ್ ರಾಜ್ಯ ತನ್ನ ನೀರಿನಲ್ಲಿ ಉಗಿದೋಣಿ ಓಡಿಸುವ ಏಕಸ್ವಾಮ್ಯವನ್ನು ರಾಬರ್ಟ್ ಫುಲ್ಟನ್ ಮತ್ತು ಲಿವಿಂಗ್‌ಸ್ಟನ್ ಪಾಲುದಾರಿಕೆಗೆ ಬರೆದುಕೊಟ್ಟಿತ್ತು. ಅವರಿಂದ ಪರವಾನಗಿ ಪಡೆದಿದ್ದ ಆರನ್ ಆಗ್ಡನ್, ಅವರ ಪರವಾನಗಿ ಇಲ್ಲದೆ ನ್ಯೂಜೆರ್ಸಿಯಿಂದ ದೋಣಿ ಓಡಿಸುತ್ತಿದ್ದ ಥಾಮಸ್ ಗಿಬ್ಬನ್ಸ್ ಮೇಲೆ ದಾವೆ ಹೂಡಿದ. ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಆ ಏಕಸ್ವಾಮ್ಯವನ್ನು ತಳ್ಳಿಹಾಕಿದರು. ಗಿಬ್ಬನ್ಸ್‌ನ ದೋಣಿಯ ಕ್ಯಾಪ್ಟನ್ ಆಗಿದ್ದವನು ಮುಂದೆ ರೈಲ್ವೆ ದೊರೆಯಾದ ಕಾರ್ನೀಲಿಯಸ್ ವಾಂಡರ್‌ಬಿಲ್ಟ್. ತೀರ್ಪಿನ ಬೆನ್ನಿಗೇ ಹಡ್ಸನ್ ನದಿಯಲ್ಲಿ ಪೈಪೋಟಿ ಹೆಚ್ಚಿ ದರಗಳು ಇಳಿದವು.

ಈರಿ ಕಾಲುವೆಗೆ ಇಷ್ಟು ಮಹತ್ವ ಏಕೆ?

ನಕ್ಷೆ ನೋಡಿ. ಮೇನ್‌ನಿಂದ ಅಲಬಾಮಾದವರೆಗೆ ಅಪಲೇಚಿಯನ್ ಸಾಲು ಪೂರ್ವ ಪಶ್ಚಿಮಗಳ ನಡುವೆ ಗೋಡೆಯಂತಿದೆ. ನ್ಯೂಯಾರ್ಕ್ ರಾಜ್ಯದ ಮೊಹಾಕ್ ಕಣಿವೆಯಲ್ಲಿ ಮಾತ್ರ ಆ ಗೋಡೆಗೊಂದು ತಗ್ಗಿನ ಬಾಗಿಲಿದೆ. ಹಡ್ಸನ್ ನದಿಯ ಆಲ್ಬನಿಯಿಂದ ಈರಿ ಸರೋವರದ ಬಫಲೋವರೆಗೆ 363 ಮೈಲಿ ಕಾಲುವೆ ತೋಡಿದರೆ ಮಹಾಸರೋವರಗಳ ಇಡೀ ದಂಡೆ ಅಟ್ಲಾಂಟಿಕ್‌ಗೆ ತೆರೆದುಕೊಳ್ಳುತ್ತದೆ ಎಂಬುದು ಯೋಜನೆ. ಥಾಮಸ್ ಜೆಫರ್ಸನ್‌ಗೆ ಇದು ಹುಚ್ಚುತನಕ್ಕೆ ತೀರಾ ಹತ್ತಿರದ್ದಾಗಿ ಕಂಡಿತು. ಕೇಂದ್ರದಿಂದ ಹಣ ಬರಲಿಲ್ಲ. ಗವರ್ನರ್ ಡಿವಿಟ್ ಕ್ಲಿಂಟನ್ ರಾಜ್ಯದ ಸಾಲಪತ್ರಗಳ ಮೇಲೆ ಹಣ ಎತ್ತಿ 1817ರ ಜುಲೈ 4ರಂದು ಕೆಲಸ ಶುರು ಮಾಡಿಸಿದರು. ವಿರೋಧಿಗಳು ಅದನ್ನು "ಕ್ಲಿಂಟನ್ನನ ಹಳ್ಳ" ಎಂದು ಗೇಲಿ ಮಾಡಿದರು.

ದೇಶದಲ್ಲಿ ತರಬೇತಿ ಪಡೆದ ಎಂಜಿನಿಯರುಗಳು ಇರಲಿಲ್ಲವೆಂದೇ ಹೇಳಬೇಕು. ಮುಖ್ಯ ಹೊಣೆ ಹೊತ್ತ ಬೆಂಜಮಿನ್ ರೈಟ್, ಜೇಮ್ಸ್ ಗೆಡ್ಡಿಸ್ ಇಬ್ಬರೂ ಜಮೀನು ಅಳೆದು, ನ್ಯಾಯಾಧೀಶರಾಗಿ ಪಳಗಿದವರು. ಕ್ಯಾನ್‌ವಸ್ ವೈಟ್ ಎಂಬ ತರುಣ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಕಾಲುವೆಗಳನ್ನು ನೋಡಿ ಬಂದು, ನೀರಿನೊಳಗೆ ಗಟ್ಟಿಯಾಗುವ ಸಿಮೆಂಟಿನ ಕಲ್ಲನ್ನು ನ್ಯೂಯಾರ್ಕಿನಲ್ಲೇ ಪತ್ತೆ ಮಾಡಿದ. ದೋಣಿಯನ್ನು ಮೇಲೆತ್ತುವ, ಇಳಿಸುವ 83 ನೀರಿನ ಲಾಕ್‌ಗಳು, 40 ಅಡಿ ಅಗಲ, ಕೇವಲ 4 ಅಡಿ ಆಳ, ಸುಮಾರು 70 ಲಕ್ಷ ಡಾಲರ್ ಖರ್ಚು. 1825ರ ಅಕ್ಟೋಬರಿನಲ್ಲಿ ಕಾಲುವೆ ಪೂರ್ಣವಾಯಿತು.

ಬಫಲೋದಿಂದ ನ್ಯೂಯಾರ್ಕಿಗೆ ಟನ್ನಿಗೆ 100 ಡಾಲರಿನಷ್ಟಿದ್ದ ಸಾಗಣೆ ದರ 10 ಡಾಲರಿನ ಒಳಗೆ ಇಳಿಯಿತು. ಹತ್ತು ವರ್ಷ ಆಗುವಷ್ಟರಲ್ಲಿ ಕಾಲುವೆಯ ಟೋಲ್ ತನ್ನ ನಿರ್ಮಾಣದ ಖರ್ಚನ್ನು ಎತ್ತಿಕೊಟ್ಟಿತು. ದಾರಿಯ ರೋಚೆಸ್ಟರ್ ಹಿಟ್ಟಿನ ಗಿರಣಿಗಳ ಊರಾಯಿತು. ಕಾಲುವೆ ಜನರನ್ನೂ ಒಯ್ದಿತು ಎನ್ನುವುದನ್ನು ಗಮನಿಸಿ: ನ್ಯೂ ಇಂಗ್ಲೆಂಡಿನ ಕುಟುಂಬಗಳು ಅದೇ ದೋಣಿ ಹತ್ತಿ ಮಿಷಿಗನ್, ಉತ್ತರ ಓಹಿಯೊ, ಉತ್ತರ ಇಲಿನಾಯ್‌ಗಳಿಗೆ ಹೋದವು, ಅಲ್ಲಿ ಬೆಳೆದ ಧಾನ್ಯವನ್ನು ಅದೇ ದಾರಿಯಲ್ಲಿ ಹಿಂದಕ್ಕೆ ಕಳುಹಿಸಿದವು. 1840ರ ದಶಕದ ಕೊನೆಗೆ ಕಾಲುವೆಯಲ್ಲಿ ಪಶ್ಚಿಮದ ರಾಜ್ಯಗಳ ಸರಕು ನ್ಯೂಯಾರ್ಕ್ ರಾಜ್ಯದ ಸ್ವಂತ ಸರಕನ್ನು ಮೀರಿಸಿತ್ತು. ನ್ಯೂಯಾರ್ಕ್ ನಗರದ ಜನಸಂಖ್ಯೆ 1820ರಲ್ಲಿ ಒಂದೂಕಾಲು ಲಕ್ಷದ ಆಸುಪಾಸು, 1860ರಲ್ಲಿ ಎಂಟು ಲಕ್ಷಕ್ಕೂ ಹೆಚ್ಚು. ಆದರೆ ಕಾಲುವೆಯೊಂದೇ ನ್ಯೂಯಾರ್ಕನ್ನು ಕಟ್ಟಲಿಲ್ಲ. 1818ರಲ್ಲೇ ಬ್ಲ್ಯಾಕ್ ಬಾಲ್ ಲೈನ್‌ನ ಹಡಗುಗಳು ತುಂಬಿರಲಿ ಬಿಡಲಿ ನಿಗದಿತ ದಿನಕ್ಕೆ ಲಿವರ್‌ಪೂಲಿಗೆ ಹೊರಡತೊಡಗಿದ್ದವು. ವರ್ತಕನಿಗೆ ಕಡಿಮೆ ದರದಷ್ಟೇ ಮುಖ್ಯವಾದದ್ದು ಹೊರಡುವ ದಿನದ ಖಾತರಿ.

ಬೇರೆ ರಾಜ್ಯಗಳು ಇದನ್ನು ನಕಲು ಮಾಡಲಿಲ್ಲವೇ?

ಮಾಡಿದವು, ಕೈ ಸುಟ್ಟುಕೊಂಡವು. ಪೆನ್ಸಿಲ್ವೇನಿಯಾಕ್ಕೆ ಮೊಹಾಕ್ ಕಣಿವೆಯಂಥ ಬಾಗಿಲಿರಲಿಲ್ಲ. 1834ರಲ್ಲಿ ಮುಗಿದ ಅದರ ಮಾರ್ಗದಲ್ಲಿ ದೋಣಿಗಳನ್ನೇ ಗಾಡಿಯ ಮೇಲೇರಿಸಿ, ಹತ್ತು ಇಳಿಜಾರುಗಳಲ್ಲಿ ಹಗ್ಗದಿಂದ ಎಳೆದು ಅಲೆಗೆನಿ ಬೆಟ್ಟ ದಾಟಿಸುತ್ತಿದ್ದರು. ನೋಡಲು ಅದ್ಭುತ, ಲೆಕ್ಕದಲ್ಲಿ ನಷ್ಟ. 1857ರಲ್ಲಿ ಅದನ್ನು 75 ಲಕ್ಷ ಡಾಲರಿಗೆ ಪೆನ್ಸಿಲ್ವೇನಿಯಾ ರೈಲ್ವೆ ಕಂಪನಿಗೆ ಮಾರಿದರು. ಇಂಡಿಯಾನಾ 1836ರಲ್ಲಿ ಒಂದೇ ಏಟಿಗೆ ಕಾಲುವೆ, ರಸ್ತೆ, ರೈಲುಗಳೆಲ್ಲಕ್ಕೂ ಸಾಲ ಎತ್ತಿತು. ಮರುವರ್ಷವೇ ಹಣದ ಮುಗ್ಗಟ್ಟು ಬಂತು. 1840ರ ದಶಕದ ಆರಂಭದಲ್ಲಿ ಎಂಟು ರಾಜ್ಯಗಳು ಮತ್ತು ಫ್ಲಾರಿಡಾ ಪ್ರಾಂತ ಸಾಲದ ಕಂತು ಕಟ್ಟಲಾಗದೆ ಕೈಚೆಲ್ಲಿದವು. ಲಂಡನ್ನಿನ ಹೂಡಿಕೆದಾರರು ವರ್ಷಗಟ್ಟಲೆ ಬೈದುಕೊಂಡರು. ಆಮೇಲೆ ಹಲವು ರಾಜ್ಯಗಳು ಇಂಥ ಕೆಲಸಕ್ಕೆ ಸಾಲ ಮಾಡಬಾರದೆಂದು ತಮ್ಮ ಸಂವಿಧಾನದಲ್ಲೇ ಬರೆದುಕೊಂಡವು. ಖಾಸಗಿ ರೈಲ್ವೆ ಕಂಪನಿಗಳಿಗೆ ಜಾಗ ತೆರವಾದದ್ದರಲ್ಲಿ ಈ ಪಾಪರ್‌ತನದ ಪಾಲೂ ಇದೆ.

ಉಗಿದೋಣಿ ಏನು ಬದಲಿಸಿತು?

ನದಿಯನ್ನು ಎರಡೂ ದಿಕ್ಕಿನ ದಾರಿಯಾಗಿಸಿತು. 1811ರಲ್ಲಿ ಪಿಟ್ಸ್‌ಬರ್ಗ್‌ನಿಂದ ಮೊದಲ ಉಗಿದೋಣಿ ಕೆಳಗಿಳಿಯಿತು. 1815ರಲ್ಲಿ ಎಂಟರ್‌ಪ್ರೈಸ್ ಎಂಬ ದೋಣಿ ನ್ಯೂ ಆರ್ಲಿಯನ್ಸಿನಿಂದ ಲೂಯಿವಿಲ್‌ಗೆ 25 ದಿನಗಳಲ್ಲಿ ಹತ್ತಿತು. 1850ರ ದಶಕದಲ್ಲಿ ಅದೇ ಪ್ರಯಾಣ ಒಂದು ವಾರದೊಳಗೆ ಮುಗಿಯುತ್ತಿತ್ತು. ಮೇಲ್ಮುಖ ಸಾಗಣೆ ಅಗ್ಗವಾದ ಕೂಡಲೇ ಪಶ್ಚಿಮದವರು ಮಾರುವವರಷ್ಟೇ ಆಗಿ ಉಳಿಯದೆ ಕೊಳ್ಳುವವರೂ ಆದರು.

ಎಲ್ಲವನ್ನೂ ಮಾಡಿದ್ದು ರೈಲು ಎಂದು ಓದಿದ್ದೇವೆ. ಅದು ನಿಜವೇ?

ಅರ್ಧ ನಿಜ. 1840ರಲ್ಲಿ ದೇಶದಲ್ಲಿ 2,800 ಮೈಲಿಯಷ್ಟು ಹಳಿ ಇತ್ತು, 1850ರಲ್ಲಿ ಸುಮಾರು 9,000, 1860ರಲ್ಲಿ 30,000ಕ್ಕೂ ಹೆಚ್ಚು. ಅಂದರೆ ರೈಲು ಬಲ ಪಡೆದದ್ದು ಕೊನೆಯ ಹತ್ತು ವರ್ಷಗಳಲ್ಲಿ. ಅಷ್ಟರೊಳಗೆ ನೀರಿನ ದಾರಿಗಳು ಮಾರುಕಟ್ಟೆಯ ಅಡಿಪಾಯ ಹಾಕಿಯಾಗಿತ್ತು. ರೈಲು ಇಲ್ಲದಿದ್ದರೂ ಕಾಲುವೆ, ರಸ್ತೆಗಳನ್ನು ವಿಸ್ತರಿಸಿ ಅಮೆರಿಕ ಬಹುಪಾಲು ಅಷ್ಟೇ ಬೆಳೆಯುತ್ತಿತ್ತು ಎಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಫೋಗೆಲ್ ಲೆಕ್ಕ ಹಾಕಿ ವಾದಿಸಿದರು. ಆ ಲೆಕ್ಕದ ಬಗ್ಗೆ ಜಗಳ ಇನ್ನೂ ಇದೆ. ನನಗೆ ಫೋಗೆಲ್ ವಾದ ಒಂದು ಕಡೆ ಕುಂಟುವಂತೆ ಕಾಣುತ್ತದೆ: ಈರಿ ಕಾಲುವೆ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹೆಪ್ಪುಗಟ್ಟಿ ಮುಚ್ಚಿರುತ್ತಿತ್ತು. ಆ ತಿಂಗಳುಗಳಿಗಾಗಿ ವರ್ತಕ ಗೋದಾಮು ತುಂಬಿಸಿಟ್ಟುಕೊಂಡು ಬಡ್ಡಿ ಕಟ್ಟಬೇಕಿತ್ತು. ರೈಲು ಉಳಿಸಿಕೊಟ್ಟ ಆ ಕಾಲಕ್ಕೆ ಮೈಲಿ–ಟನ್‌ಗಳ ಲೆಕ್ಕದಲ್ಲಿ ಪೂರ್ತಿ ಬೆಲೆ ಕಟ್ಟುವುದು ಕಷ್ಟ.

ರೈಲು ಇನ್ನೊಂದನ್ನು ಮಾಡಿತು. ಉತ್ತರ–ದಕ್ಷಿಣವಾಗಿ ಹರಿಯುತ್ತಿದ್ದ ವ್ಯಾಪಾರವನ್ನು ಪೂರ್ವ–ಪಶ್ಚಿಮಕ್ಕೆ ತಿರುಗಿಸಿತು. 1852ರಲ್ಲಿ ಪೂರ್ವದ ಹಳಿ ಷಿಕಾಗೊ ಮುಟ್ಟಿತು. 1856ರ ಏಪ್ರಿಲ್‌ನಲ್ಲಿ ರಾಕ್ ಐಲೆಂಡ್ ಬಳಿ ಮಿಸಿಸಿಪಿಗೆ ಮೊದಲ ರೈಲು ಸೇತುವೆ ಬಂತು. ಎರಡು ವಾರ ಕಳೆಯುವಷ್ಟರಲ್ಲಿ ಎಫಿ ಆಫ್ಟನ್ ಎಂಬ ಉಗಿದೋಣಿ ಅದಕ್ಕೆ ಡಿಕ್ಕಿ ಹೊಡೆದು ಸುಟ್ಟುಹೋಯಿತು. ದೋಣಿಯವರು ದಾವೆ ಹಾಕಿದರು. ಸೇತುವೆಯ ಪರವಾಗಿ ವಾದಿಸಿದ ವಕೀಲರಲ್ಲಿ ಒಬ್ಬರು ಅಬ್ರಹಾಂ ಲಿಂಕನ್. ತಾರುಣ್ಯದಲ್ಲಿ ಚಪ್ಪಟೆ ದೋಣಿಯಲ್ಲಿ ನ್ಯೂ ಆರ್ಲಿಯನ್ಸಿಗೆ ಸರಕು ಒಯ್ದಿದ್ದ ಅವರು, ನದಿಯಲ್ಲಿ ಹೋಗುವವನಿಗೆ ಎಷ್ಟು ಹಕ್ಕಿದೆಯೋ ನದಿ ದಾಟುವವನಿಗೂ ಅಷ್ಟೇ ಹಕ್ಕಿದೆ ಎಂದು ವಾದಿಸಿದರು. ಜ್ಯೂರಿಯ ಪಂಚರಲ್ಲಿ ಒಮ್ಮತ ಮೂಡಲಿಲ್ಲ, ಆದರೆ ಸೇತುವೆ ಉಳಿಯಿತು.

ದಕ್ಷಿಣದ ರಾಜ್ಯಗಳು ಈ ಮಾರುಕಟ್ಟೆಯ ಹೊರಗಿದ್ದವೇ?

ಇಲ್ಲ. ಗುಲಾಮಗಿರಿಯ ದಕ್ಷಿಣ ಹಳೆಯ ಕಾಲದಲ್ಲೇ ಸಿಕ್ಕಿಕೊಂಡಿತ್ತು, ಆಧುನಿಕ ಉತ್ತರ ಅದನ್ನು ಬಿಟ್ಟು ಮುಂದೆ ಹೋಯಿತು ಎಂಬ ಚಿತ್ರ ಎಷ್ಟು ಜನಪ್ರಿಯವೋ ಅಷ್ಟೇ ತಪ್ಪು. 1793ರಲ್ಲಿ ಈಲೈ ವಿಟ್ನಿಯ ಹತ್ತಿ ಬಿಡಿಸುವ ಯಂತ್ರ ಬಂದ ಮೇಲೆ ಗಿಡ್ಡ ಎಳೆಯ ಹತ್ತಿಯನ್ನು ಒಳನಾಡಿನಲ್ಲೂ ಬೆಳೆದು ಲಾಭ ಮಾಡಬಹುದಾಯಿತು. ಕೆಲವೇ ಸಾವಿರ ಬೇಲು (ಒತ್ತಿ ಕಟ್ಟಿದ ಹತ್ತಿಯ ಮೂಟೆ) ಇದ್ದ ಫಸಲು 1860ರ ಹೊತ್ತಿಗೆ ವರ್ಷಕ್ಕೆ 40 ಲಕ್ಷ ಬೇಲುಗಳ ಸುಮಾರಿಗೆ ಬಂದು ನಿಂತಿತು. ದೇಶದ ಒಟ್ಟು ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತಿಯೇ. ಉತ್ತರದವರು ಯುರೋಪಿನಿಂದ ತರಿಸಿದ ಕಬ್ಬಿಣಕ್ಕೂ ಯಂತ್ರಕ್ಕೂ ಹಣ ಸಂದಾಯವಾದದ್ದು ಬಹುಮಟ್ಟಿಗೆ ಈ ಹತ್ತಿಯ ಹುಂಡಿಗಳಿಂದ, ಅಂದರೆ ಇಂಥವರಿಗೆ ಇಷ್ಟು ಹಣ ಕೊಡಿ ಎಂದು ವರ್ತಕರು ಬರೆಯುತ್ತಿದ್ದ ಪತ್ರಗಳಿಂದ.

ಅದನ್ನು ಬೆಳೆದವರು ಗುಲಾಮರು. 1790ರಲ್ಲಿ ಏಳು ಲಕ್ಷದಷ್ಟಿದ್ದ ಅವರ ಸಂಖ್ಯೆ 1860ರಲ್ಲಿ ಸುಮಾರು ನಲವತ್ತು ಲಕ್ಷ. ಆಫ್ರಿಕದಿಂದ ತರುವುದು 1808ರಲ್ಲಿ ಕಾನೂನುಬಾಹಿರವಾದ ಮೇಲೆ ವ್ಯಾಪಾರ ಒಳಮುಖವಾಯಿತು. ತಂಬಾಕಿನಿಂದ ಸವೆದ ವರ್ಜೀನಿಯಾ, ಮೇರಿಲ್ಯಾಂಡ್‌ಗಳಿಂದ ಅಲಬಾಮಾ, ಮಿಸಿಸಿಪಿ, ಲೂಯಿಸಿಯಾನಾಗಳಿಗೆ ಸುಮಾರು ಹತ್ತು ಲಕ್ಷ ಜನರನ್ನು ಸಾಗಿಸಲಾಯಿತು: ಕೆಲವರನ್ನು ಮಾಲೀಕರೇ ಕರೆದೊಯ್ದರು, ಬಹಳ ಮಂದಿಯನ್ನು ವ್ಯಾಪಾರಿಗಳು ಸರಪಳಿ ಕಟ್ಟಿ ನಡೆಸಿಕೊಂಡೋ ಹಡಗಿಗೆ ತುಂಬಿಯೋ ಒಯ್ದು ಮಾರಿದರು. ವಾಷಿಂಗ್ಟನ್ ಬಳಿಯ ಅಲೆಕ್ಸಾಂಡ್ರಿಯಾದ ಫ್ರಾಂಕ್ಲಿನ್ ಅಂಡ್ ಆರ್ಮ್‌ಫೀಲ್ಡ್ ಕಂಪನಿ ಇದಕ್ಕೆಂದೇ ಸ್ವಂತ ಹಡಗುಗಳನ್ನು ಇಟ್ಟಿತ್ತು. ತಾಯಿಯನ್ನು ಒಬ್ಬ ಕೊಂಡ, ಮಗುವನ್ನು ಇನ್ನೊಬ್ಬ ಕೊಂಡ ಎಂಬುದು ಅಲ್ಲಿನ ದಿನನಿತ್ಯದ ವ್ಯವಹಾರ. ಹತ್ತಿಯ ಬೆಲೆ ಏರಿದರೆ ಸಾವಿರ ಮೈಲಿ ದೂರದ ರಿಚ್ಮಂಡ್‌ನಲ್ಲಿ ಮನುಷ್ಯನ ಬೆಲೆ ಏರುತ್ತಿತ್ತು. ಮೇಲೆ ಹೇಳಿದ ಒಣ ಪರೀಕ್ಷೆಯನ್ನೇ ಹಿಡಿದು ಅಳೆದರೆ, ಅಮೆರಿಕದಲ್ಲಿ ಪ್ರಾಂತಗಳ ಗಡಿ ಮೀರಿ ಅತಿ ಬೇಗ ಒಂದಾದ ಮಾರುಕಟ್ಟೆಗಳಲ್ಲಿ ಮನುಷ್ಯರ ಮಾರುಕಟ್ಟೆಯೂ ಒಂದು.

ಉತ್ತರದ ಕೈ ಇದರಲ್ಲಿ ಮೊಣಕೈವರೆಗೆ ಮುಳುಗಿತ್ತು. ತೋಟದ ಮಾಲೀಕನಿಗೆ ಮುಂಗಡ ಕೊಟ್ಟು ಫಸಲು ಮಾರಿಕೊಡುತ್ತಿದ್ದ ಅಡತಿ ವರ್ತಕನ ಹಿಂದೆ ನ್ಯೂಯಾರ್ಕಿನ ಬ್ಯಾಂಕು ಇರುತ್ತಿತ್ತು, ಹಡಗು ಮತ್ತು ವಿಮೆ ಅಲ್ಲಿನವೇ. ಗುಲಾಮರನ್ನು ಒತ್ತೆಯಿಟ್ಟು ಸಾಲ ಪಡೆಯುವುದು ಮಾಮೂಲಾಗಿತ್ತು. ರೋಡ್ ಐಲೆಂಡಿನ ಗಿರಣಿಗಳು ಗುಲಾಮರಿಗೆಂದೇ ಒರಟು ಬಟ್ಟೆ ನೇಯುತ್ತಿದ್ದವು, ಮೆಸಾಚುಸೆಟ್ಸಿನ ಊರುಗಳು ಅವರಿಗೆಂದೇ ಅಗ್ಗದ ಬೂಟು ಹೊಲಿಯುತ್ತಿದ್ದವು.

ಪಶ್ಚಿಮದ ಧಾನ್ಯ ದಕ್ಷಿಣವನ್ನು ಸಾಕಿತು ಎನ್ನುತ್ತಾರಲ್ಲ?

ದಕ್ಷಿಣ ಹತ್ತಿ ಮಾರುತ್ತದೆ, ಆ ಹಣದಲ್ಲಿ ಪಶ್ಚಿಮದ ಆಹಾರ ಕೊಳ್ಳುತ್ತದೆ, ಪಶ್ಚಿಮ ಆ ಹಣದಲ್ಲಿ ಈಶಾನ್ಯದ ಸರಕು ಕೊಳ್ಳುತ್ತದೆ: ಅರ್ಥಶಾಸ್ತ್ರಜ್ಞ ಡಗ್ಲಸ್ ನಾರ್ತ್ 1961ರಲ್ಲಿ ಮುಂದಿಟ್ಟ ಈ ತ್ರಿಕೋನ ಬಹಳ ಅಂದವಾಗಿದೆ. ಆದರೆ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಫಿಷ್ಲೋ ಅಂಕಿಅಂಶ ತೆಗೆದು ನೋಡಿದಾಗ ನ್ಯೂ ಆರ್ಲಿಯನ್ಸಿಗೆ ಇಳಿದ ಧಾನ್ಯ, ಮಾಂಸಗಳ ದೊಡ್ಡ ಪಾಲು ಅಲ್ಲಿಂದ ಹಡಗೇರಿ ಪೂರ್ವಕ್ಕೋ ವಿದೇಶಕ್ಕೋ ಹೋಗುತ್ತಿದ್ದುದು ಕಂಡಿತು. ಬಹುತೇಕ ತೋಟಗಳು ತಮ್ಮ ಮೆಕ್ಕೆಜೋಳ, ಹಂದಿಗಳನ್ನು ತಾವೇ ಬೆಳೆದುಕೊಳ್ಳುತ್ತಿದ್ದವು. ಸಕ್ಕರೆ ತೋಟಗಳೂ ಬಂದರು ನಗರಗಳೂ ಇದಕ್ಕೆ ಅಪವಾದ. ಹಾಗಾಗಿ ಪ್ರಾಂತಗಳನ್ನು ಹೆಣೆದ ಮುಖ್ಯ ಎಳೆ ಪಶ್ಚಿಮ–ಈಶಾನ್ಯದ್ದು. ದಕ್ಷಿಣದ ಎಳೆ ಹಾದುಹೋದದ್ದು ನ್ಯೂಯಾರ್ಕ್ ಮತ್ತು ಲಿವರ್‌ಪೂಲ್‌ಗಳ ಮೂಲಕ.

ನ್ಯೂ ಇಂಗ್ಲೆಂಡಿನಲ್ಲಿ ರೈತರ ಹೆಣ್ಣುಮಕ್ಕಳು ಗಿರಣಿಗೆ ಹೋದದ್ದಕ್ಕೂ ಇದಕ್ಕೂ ಏನು ಸಂಬಂಧ?

ನೇರ ಸಂಬಂಧವಿದೆ. ಕಾಲುವೆಯ ಮೂಲಕ ಅಗ್ಗದ ಗೋಧಿ ಹಿಟ್ಟು ಬಂದಾಗ ಕಲ್ಲುನೆಲದ ವರ್ಮಾಂಟ್, ನ್ಯೂ ಹ್ಯಾಂಪ್‌ಷೈರ್ ರೈತರು ಪೈಪೋಟಿ ಮಾಡಲಾರದೆ ಕುರಿ ಸಾಕಣೆಗೂ ಹೈನಿಗೂ ತಿರುಗಿದರು, ಇಲ್ಲವೇ ಮನೆ ಮಾರಿ ಪಶ್ಚಿಮಕ್ಕೆ ಹೊರಟರು. ಮನೆಯಲ್ಲಿ ನೂಲುತ್ತ ನೇಯುತ್ತ ಇದ್ದ ಹೆಣ್ಣುಮಕ್ಕಳ ಕೆಲಸವನ್ನು ಗಿರಣಿ ಬಟ್ಟೆ ಕಸಿಯಿತು. ಅದೇ ಗಿರಣಿ ಅವರಿಗೆ ಕೂಲಿಯನ್ನೂ ಕೊಟ್ಟಿತು. ಫ್ರಾನ್ಸಿಸ್ ಕ್ಯಾಬಟ್ ಲೋವೆಲ್ ಮತ್ತು ಅವರ ಪಾಲುದಾರರು ವಾಲ್ತಮ್‌ನಲ್ಲಿ ಶುರು ಮಾಡಿದ ಪದ್ಧತಿ 1820ರ ದಶಕದಲ್ಲಿ ಲೋವೆಲ್ ಹೆಸರಿನ ಊರಾಗಿಯೇ ಬೆಳೆಯಿತು. ಹಾಸ್ಟೆಲು, ಗಂಟೆ ಬಾರಿಸಿದರೆ ಏಳುವುದು, ಭಾನುವಾರ ಚರ್ಚು. ಪೈಪೋಟಿ ಹೆಚ್ಚಿ ಬಟ್ಟೆಯ ಬೆಲೆ ಇಳಿದಾಗ ಕೂಲಿ ಕಡಿತ ಬಂತು, 1834 ಮತ್ತು 1836ರಲ್ಲಿ ಆ ಯುವತಿಯರು ಮಗ್ಗ ನಿಲ್ಲಿಸಿ ಬೀದಿಗಿಳಿದರು. ಅವರು ನೇಯುತ್ತಿದ್ದ ಹತ್ತಿ ಎಲ್ಲಿಂದ ಬರುತ್ತಿತ್ತೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದೇ ಮಾರುಕಟ್ಟೆ ಎಂದ ಮೇಲೆ ಒಂದೇ ಹಣ ಇತ್ತೇ?

ಇರಲಿಲ್ಲ, ಇದೇ ದೊಡ್ಡ ವಿಚಿತ್ರ. ಕೇಂದ್ರ ಬ್ಯಾಂಕಿನಂತಿದ್ದ ಎರಡನೇ ಬ್ಯಾಂಕ್ ಆಫ್ ದಿ ಯುನೈಟೆಡ್ ಸ್ಟೇಟ್ಸ್‌ನ ಸನ್ನದಿನ ನವೀಕರಣವನ್ನು ಅಧ್ಯಕ್ಷ ಆಂಡ್ರ್ಯೂ ಜ್ಯಾಕ್ಸನ್ 1832ರಲ್ಲಿ ತಡೆದರು. 1836ರಲ್ಲಿ ಸನ್ನದು ಮುಗಿಯಿತು. ಆಮೇಲೆ ರಾಜ್ಯಗಳ ಪರವಾನಗಿ ಪಡೆದ ನೂರಾರು ಬ್ಯಾಂಕುಗಳು ತಮ್ಮ ತಮ್ಮ ನೋಟು ಹೊರಡಿಸಿದವು. 1860ರ ಹೊತ್ತಿಗೆ ಅವು 1,500ಕ್ಕೂ ಹೆಚ್ಚು. ನೋಟು ತನ್ನ ಊರಿನಿಂದ ದೂರ ಹೋದಷ್ಟೂ ವಟ್ಟ ಹೆಚ್ಚು. ಯಾವ ಬ್ಯಾಂಕಿನ ನೋಟಿಗೆ ಎಷ್ಟು ಕಡಿತ, ಯಾವುದು ಖೋಟಾ, ಯಾವುದು ದಿವಾಳಿ ಎಂದು ತಿಳಿಸುವ ಪತ್ರಿಕೆಗಳೇ ಹೊರಡುತ್ತಿದ್ದವು, ಅಂಗಡಿಯವರು ಅವನ್ನು ಗಲ್ಲಾದ ಪಕ್ಕ ಇಟ್ಟುಕೊಳ್ಳುತ್ತಿದ್ದರು. ಮಿಷಿಗನ್‌ನ ಕೆಲವು ಬ್ಯಾಂಕುಗಳಲ್ಲಿ ಮೊಳೆ ತುಂಬಿದ ಪೆಟ್ಟಿಗೆಯ ಮೇಲ್ಪದರಕ್ಕೆ ಮಾತ್ರ ಬೆಳ್ಳಿ ನಾಣ್ಯ ಹರಡಿದ್ದನ್ನು ತಪಾಸಣೆಗೆ ಹೋದವರು ಕಂಡುಹಿಡಿದರು. ವಿದೇಶಿ ನಾಣ್ಯಗಳಿಗೆ 1857ರವರೆಗೂ ಕಾನೂನಿನ ಮಾನ್ಯತೆ ಇತ್ತು.

ಇಷ್ಟಿದ್ದರೂ ವ್ಯಾಪಾರ ನಡೆದದ್ದು ದೊಡ್ಡ ವ್ಯವಹಾರಗಳು ನೋಟಿನಲ್ಲಿ ನಡೆಯದೆ ಹುಂಡಿಯಲ್ಲಿ ನಡೆಯುತ್ತಿದ್ದುದರಿಂದ. ನ್ಯೂ ಇಂಗ್ಲೆಂಡಿನಲ್ಲಿ ಬಾಸ್ಟನ್ನಿನ ಸಫೋಕ್ ಬ್ಯಾಂಕು ಹಳ್ಳಿ ಬ್ಯಾಂಕುಗಳ ನೋಟುಗಳನ್ನು ಪೂರ್ಣ ಬೆಲೆಗೆ ಚುಕ್ತಾ ಮಾಡುವ ವ್ಯವಸ್ಥೆ ಕಟ್ಟಿತ್ತು.

ಅಪರಿಚಿತರ ನಡುವೆ ಉದ್ರಿ ವ್ಯಾಪಾರ ಹೇಗೆ ಸಾಧ್ಯವಾಯಿತು?

ಸುದ್ದಿಯನ್ನೇ ಸರಕಾಗಿಸಿದ್ದರಿಂದ. 1792ರ ಅಂಚೆ ಕಾಯ್ದೆ ಪತ್ರಿಕೆಗಳನ್ನು ತೀರಾ ಅಗ್ಗದಲ್ಲಿ ಸಾಗಿಸಿ ದರಪಟ್ಟಿಗಳನ್ನು ಹಳ್ಳಿಗೆ ಮುಟ್ಟಿಸಿತು. 1841ರಲ್ಲಿ ಲೂಯಿಸ್ ಟಪ್ಪನ್ ಎಂಬ ವರ್ತಕ ನ್ಯೂಯಾರ್ಕಿನಲ್ಲಿ ಒಂದು ಕಚೇರಿ ತೆರೆದು, ಊರೂರಿನ ಅಂಗಡಿಕಾರರ ನಡತೆ, ಸಾಲ, ಆಸ್ತಿಗಳ ಬಗ್ಗೆ ವರದಿ ತರಿಸಿ ಚಂದಾದಾರರಿಗೆ ಒದಗಿಸತೊಡಗಿದರು. ಟಪ್ಪನ್ ಗುಲಾಮಗಿರಿ ವಿರೋಧಿ ಹೋರಾಟದ ಮುಂದಾಳು. 1844ರ ಮೇ 24ರಂದು ವಾಷಿಂಗ್ಟನ್–ಬಾಲ್ಟಿಮೋರ್ ನಡುವೆ ಸ್ಯಾಮ್ಯುಯಲ್ ಮೋರ್ಸ್ ಅವರ ತಂತಿ ಮಾತಾಡಿತು. ಹದಿನಾರು ವರ್ಷಗಳಲ್ಲಿ ತಂತಿಜಾಲ ಸುಮಾರು 50,000 ಮೈಲಿಗೆ ಹರಡಿತು.

ಇದರ ಪರಿಣಾಮ ಕಣ್ಣಿಗೆ ಹೊಡೆದು ಕಾಣುವುದು ಷಿಕಾಗೊದಲ್ಲಿ. 1848 ಆ ಊರಿನ ಪಾಲಿಗೆ ವಿಚಿತ್ರ ವರ್ಷ: ತಂತಿ, ಇಲಿನಾಯ್–ಮಿಷಿಗನ್ ಕಾಲುವೆ, ಮೊದಲ ರೈಲು, ವರ್ತಕರ ಬೋರ್ಡ್ ಆಫ್ ಟ್ರೇಡ್ ಎಲ್ಲವೂ ಒಂದೇ ವರ್ಷ ಬಂದವು. ಅಲ್ಲಿಯವರೆಗೆ ಗೋಧಿ ಚೀಲದಲ್ಲಿ ಹೋಗುತ್ತಿತ್ತು. ಚೀಲದ ಮೇಲೆ ರೈತನ ಹೆಸರು, ಮಾರಾಟವಾಗುವ ತನಕ ಮಾಲು ಅವನದೇ. ಜೋಸೆಫ್ ಡಾರ್ಟ್ 1842–43ರಲ್ಲಿ ಬಫಲೋದಲ್ಲಿ ಕಟ್ಟಿಸಿದ ಉಗಿಯಂತ್ರದ ಎತ್ತರದ ಕಣಜ ಷಿಕಾಗೊಕ್ಕೂ ಬಂದಾಗ ಚೀಲ ಮಾಯವಾಯಿತು, ಎಲ್ಲರ ಧಾನ್ಯ ಒಂದೇ ತೊಟ್ಟಿಗೆ ಬಿತ್ತು. ಹಾಗೆ ಬೆರೆಸಬೇಕಾದರೆ ದರ್ಜೆ ಬೇಕಲ್ಲ! 1856ರಲ್ಲಿ ಬೋರ್ಡ್ ಗೋಧಿಯನ್ನು ವರ್ಗಗಳಾಗಿ ವಿಂಗಡಿಸಿತು. ರೈತನ ಕೈಗೆ ಬಂದದ್ದು ಒಂದು ರಸೀದಿ: ಇಂಥ ದರ್ಜೆಯ ಇಷ್ಟು ಬುಷೆಲ್. ಆ ರಸೀದಿ ಕೈಯಿಂದ ಕೈಗೆ ಮಾರಾಟವಾಗಬಲ್ಲದು. ಇನ್ನೂ ಬಾರದ ಧಾನ್ಯವನ್ನು ಇಂದೇ ದರ ಕಟ್ಟಿ ಮಾರುವ ಒಪ್ಪಂದಗಳು ಅದರ ಜೊತೆಗೇ ಬೆಳೆದವು. ಇಂದಿನ ವಾಯಿದಾ ಪೇಟೆಯ ಬೇರು ಇಲ್ಲಿದೆ.

ಕೇಂದ್ರ ಸರ್ಕಾರ ಏನೂ ಮಾಡಲಿಲ್ಲವೇ?

ರಾಜಕಾರಣಿ ಹೆನ್ರಿ ಕ್ಲೇ ಅವರ ದೊಡ್ಡ ಯೋಜನೆ, ಅಂದರೆ ರಕ್ಷಣಾ ಸುಂಕ (ದೇಶದ ಕೈಗಾರಿಕೆಯನ್ನು ಕಾಯುವ ಆಮದು ಸುಂಕ), ರಾಷ್ಟ್ರೀಯ ಬ್ಯಾಂಕು, ಕೇಂದ್ರದ ಹಣದಲ್ಲಿ ರಸ್ತೆ–ಕಾಲುವೆ, ಪೂರ್ತಿಯಾಗಿ ಎಂದೂ ಜಾರಿಯಾಗಲಿಲ್ಲ. ಕಂಬರ್ಲ್ಯಾಂಡ್‌ನಿಂದ 1811ರಲ್ಲಿ ಹೊರಟ ರಾಷ್ಟ್ರೀಯ ರಸ್ತೆ ಮುಖ್ಯ ಅಪವಾದ. ಆದರೆ ಕೇಂದ್ರದ ಕೈಯಲ್ಲಿ ನೆಲ ಇತ್ತು. 1785ರ ಕಾಯ್ದೆಯಂತೆ ಆ ನೆಲವನ್ನು 640 ಎಕರೆಯ ಚೌಕಗಳಾಗಿ ಅಳೆದು, 1820ರ ನಂತರ ಎಕರೆಗೆ 1.25 ಡಾಲರ್ ಕನಿಷ್ಠ ದರದಲ್ಲಿ ಮಾರಿತು. 1850ರಲ್ಲಿ ಇಲಿನಾಯ್ ಸೆಂಟ್ರಲ್ ರೈಲು ಮಾರ್ಗಕ್ಕೆ ನೆಲವನ್ನೇ ಅನುದಾನವಾಗಿ ಕೊಟ್ಟಿತು.

ಆ ನೆಲ ಯಾರದಾಗಿತ್ತು?

ಮೂಲನಿವಾಸಿಗಳದು. ಚೌಕಗಳಾಗಿ ಅಳೆದು ಹರಾಜು ಹಾಕಲು ಮೊದಲು ಅವರನ್ನು ಎಬ್ಬಿಸಬೇಕಿತ್ತು. 1830ರ ಸ್ಥಳಾಂತರ ಕಾಯ್ದೆಯ ಬಲದಿಂದ ಚೊಕ್ಟಾ, ಕ್ರೀಕ್, ಚಿಕಸಾ, ಚೆರೋಕಿ, ಸೆಮಿನೋಲ್ ಜನಾಂಗಗಳನ್ನು ಮಿಸಿಸಿಪಿಯಾಚೆಗೆ ಅಟ್ಟಲಾಯಿತು. 1838–39ರಲ್ಲಿ ಹೊರಡಿಸಿದ ಸುಮಾರು 16,000 ಚೆರೋಕಿಗಳಲ್ಲಿ 4,000ದಷ್ಟು ಜನ ಸತ್ತರೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಅವರೆಲ್ಲ ಬಿಟ್ಟುಹೋದ ನೆಲದ ದೊಡ್ಡ ಭಾಗ ಹತ್ತಿಯ ಹೊಲವಾಯಿತು. ಈರಿ ಕಾಲುವೆ ಹರಿದದ್ದೂ ಇರಾಕ್ವಾ ಒಕ್ಕೂಟದ ಜನರ ಹಳೆಯ ನೆಲದಲ್ಲೇ.

ಮಾರುಕಟ್ಟೆ ಒಂದಾದದ್ದಕ್ಕೆ ಸಾಮಾನ್ಯ ಜನರ ಬದುಕಿನಲ್ಲಿ ಪುರಾವೆ ಏನು?

ಮುಗ್ಗಟ್ಟುಗಳು. 1819, 1837, 1857: ಪ್ರತಿ ಬಾರಿಯೂ ಒಂದು ಊರಿನ ದಿವಾಳಿ ಇನ್ನೊಂದು ಊರಿನ ಒಲೆ ಆರಿಸಿತು. 1857ರ ಆಗಸ್ಟಿನಲ್ಲಿ ಓಹಿಯೊದ ಒಂದು ವಿಮೆ–ಟ್ರಸ್ಟ್ ಕಂಪನಿಯ ನ್ಯೂಯಾರ್ಕ್ ಶಾಖೆ ಕುಸಿದ ಸುದ್ದಿ ತಂತಿಯ ಮೂಲಕ ದೇಶವೆಲ್ಲ ಹರಡಿ, ಕೆಲವೇ ವಾರಗಳಲ್ಲಿ ಬ್ಯಾಂಕುಗಳು ಬಾಗಿಲು ಹಾಕಿದವು.

ವ್ಯಾಪಾರ ಇಷ್ಟು ಬೆಸೆದಿದ್ದರೆ 1861ರಲ್ಲಿ ಯುದ್ಧ ಏಕೆ ಆಯಿತು?

ಬೆಸುಗೆ ಯಾರನ್ನು ಹೇಗೆ ಅವಲಂಬಿತರನ್ನಾಗಿಸಿತು ಎಂಬುದರ ಬಗ್ಗೆ ಎರಡೂ ಕಡೆಯವರ ಓದು ಬೇರೆಯಾಗಿತ್ತು. 1857ರ ಮುಗ್ಗಟ್ಟು ದಕ್ಷಿಣವನ್ನು ಅಷ್ಟಾಗಿ ಅಲುಗಿಸಲಿಲ್ಲ. ಮರುವರ್ಷ ದಕ್ಷಿಣ ಕೆರೊಲಿನಾದ ಸೆನೆಟರ್ ಜೇಮ್ಸ್ ಹೆನ್ರಿ ಹ್ಯಾಮಂಡ್ "ಹತ್ತಿಯೇ ರಾಜ" ಎಂದು ಘೋಷಿಸಿ, ಇಂಗ್ಲೆಂಡ್ ತಮ್ಮ ಬೆನ್ನಿಗೆ ನಿಲ್ಲಲೇಬೇಕು ಎಂಬ ಲೆಕ್ಕ ಮುಂದಿಟ್ಟರು. ಇತ್ತ ಪಶ್ಚಿಮದ ಗೋಧಿ ರೈತನ ದಾರಿ ಆ ಹೊತ್ತಿಗೆ ನ್ಯೂ ಆರ್ಲಿಯನ್ಸ್ ಬಿಟ್ಟು ನ್ಯೂಯಾರ್ಕಿನ ಕಡೆ ತಿರುಗಿತ್ತು. ಗುಲಾಮಗಿರಿ ಹೊಸ ಪ್ರಾಂತಗಳಿಗೆ ಹರಡಬೇಕೇ ಬೇಡವೇ ಎಂಬ ಪ್ರಶ್ನೆಯಲ್ಲಿ ಅವನು ಯಾರ ಪರ ನಿಲ್ಲುತ್ತಾನೆ ಎನ್ನುವುದಕ್ಕೆ ಆ ದಾರಿಯೂ ಒಂದು ಕಾರಣ. ಯುದ್ಧದ ಮೂಲ ಗುಲಾಮಗಿರಿಯೇ. ಸುಂಕದ ಜಗಳವನ್ನು ಮೂಲ ಕಾರಣವಾಗಿ ತೋರಿಸುವ ವಾದ, ದಕ್ಷಿಣ ಕೆರೊಲಿನಾ ಸುಂಕದ ವಿರುದ್ಧ ತಿರುಗಿಬಿದ್ದ 1832ರ ಮಟ್ಟಿಗೆ ಏನೇ ಇರಲಿ, 1861ಕ್ಕೆ ನಿಲ್ಲುವುದಿಲ್ಲ.

ಹಳೆಯ ಬೆಸುಗೆ ಬಿಡಿಸಿಕೊಳ್ಳಲು ಎಲ್ಲರೂ ಸಿದ್ಧರಿರಲಿಲ್ಲ. 1861ರ ಜನವರಿಯಲ್ಲಿ ನ್ಯೂಯಾರ್ಕಿನ ಮೇಯರ್ ಫರ್ನಾಂಡೊ ವುಡ್ ತಮ್ಮ ನಗರವೇ ಒಕ್ಕೂಟದಿಂದ ಹೊರಬಂದು ಸ್ವತಂತ್ರ ಬಂದರಾಗಲಿ, ದಕ್ಷಿಣದ ಜೊತೆ ವ್ಯಾಪಾರ ಮುಂದುವರಿಯಲಿ ಎಂದು ಸೂಚಿಸಿದರು.

1860ರಲ್ಲಿ ಏನೇನು ಬಾಕಿ ಇತ್ತು?

ಬಹಳ. ರೈಲುಗಳ ಹಳಿ ಅಗಲ ಒಂದೊಂದು ಕಡೆ ಒಂದೊಂದು. 1853–54ರಲ್ಲಿ ಪೆನ್ಸಿಲ್ವೇನಿಯಾದ ಈರಿ ಪಟ್ಟಣದವರು ಹಳಿ ಒಂದಾದರೆ ಸರಕು ಇಳಿಸಿ ಏರಿಸುವ ಕೆಲಸ ಹೋಗುತ್ತದೆಂದು ಹಳಿಗಳನ್ನೇ ಕಿತ್ತರು. ದಕ್ಷಿಣದ ಅಗಲ ಹಳಿ 1886ರವರೆಗೆ ಉಳಿಯಿತು. ಊರೂರಿಗೂ ಬೇರೆ ಗಡಿಯಾರವಿದ್ದ ಸ್ಥಿತಿ 1883ರವರೆಗೆ. ಏಕರೂಪದ ಬ್ಯಾಂಕ್ ನೋಟಿಗೆ 1863ರ ಕಾಯ್ದೆ ಬೇಕಾಯಿತು. ಕ್ಯಾಲಿಫೋರ್ನಿಯಾ 1869ರಲ್ಲಿ ರೈಲು ಬರುವವರೆಗೆ ಹಡಗಿನ ದಾರಿಯ ದೂರದ ಊರು.

ಕರ್ನಾಟಕಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯೇ?

ಹತ್ತಿಯ ಮೂಲಕ ಇದೆ. ಅಮೆರಿಕದ ಒಂದೇ ಮೂಲವನ್ನು ನೆಚ್ಚಿಕೊಂಡಿರುವುದು ಅಪಾಯವೆಂದು ಮ್ಯಾಂಚೆಸ್ಟರಿನ ಗಿರಣಿ ಮಾಲೀಕರು ಒತ್ತಾಯಿಸಿದ್ದರಿಂದ ಈಸ್ಟ್ ಇಂಡಿಯಾ ಕಂಪನಿ 1840ರ ದಶಕದಲ್ಲಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನೂ ಬೀಜವನ್ನೂ ಭಾರತಕ್ಕೆ ತರಿಸಿತು. ಹಲವು ಕಡೆ ಪ್ರಯೋಗ ಸೋತಿತು. ಧಾರವಾಡ ಸೀಮೆಯಲ್ಲಿ ಬೀಜ ನೆಲ ಹಿಡಿದು "ಧಾರವಾಡ–ಅಮೆರಿಕನ್" ಎಂಬ ಹೆಸರಿನಿಂದ ಪೇಟೆಗೆ ಬಂತು. ಇಲ್ಲಿನ ಜವಾರಿ ಹತ್ತಿ ಘಟ್ಟ ಇಳಿದು ಹಡಗೇರುತ್ತಿದ್ದ ಬಂದರಿನಿಂದಾಗಿ "ಕುಮಟಾ" ಎಂದೇ ಹೆಸರಾಗಿತ್ತು. 1861ರಲ್ಲಿ ಲಿಂಕನ್ ಸರ್ಕಾರ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದಾಗ ಇಂಗ್ಲೆಂಡಿನ ಗಿರಣಿಗಳ ಸೀಮೆ ಲ್ಯಾಂಕಷೈರ್ ಹತ್ತಿಗಾಗಿ ಪರದಾಡಿತು, ಭಾರತದ ಹತ್ತಿಯ ದರ ಗಗನಕ್ಕೇರಿತು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ, ಕಾರವಾರವನ್ನು ಧಾರವಾಡದ ಹತ್ತಿಗೆ ಬಂದರಾಗಿಸುವ ಆಸೆಯಿತ್ತು. 1865ರಲ್ಲಿ ಯುದ್ಧ ಮುಗಿದಾಗ ದರ ಕುಸಿದು, ಹತ್ತಿಯ ಲಾಭ ನಂಬಿ ಮುಂಬಯಿಯಲ್ಲಿ ಎದ್ದಿದ್ದ ಷೇರು ಕಂಪನಿಗಳು ಸಾಲು ಸಾಲಾಗಿ ಮುಳುಗಿದವು. ಧಾರವಾಡದ ಹೊಲಗಳಲ್ಲಿ ಅಮೆರಿಕದ ಹತ್ತಿ ಮಾತ್ರ ಆಮೇಲೂ ಬೆಳೆಯುತ್ತಲೇ ಇತ್ತು.